ಎಡಗಾಲಿಗೆ ಮಾತ್ರ ಕ್ಲಿಪ್: ನನ್ನ ಅನುಭವ

ನಮ್ಮ ಸೈಕಲ್ ಗುಂಪಿನಲ್ಲಿ ನನಗೆ ‘ಅರ್ಧ ಕ್ಲಿಪ್’ ಅಂತ ಹೆಸರಿಟ್ಟಿದ್ದರು. ಎಡಕ್ಕೆ ಕ್ಲಿಪ್ ಪೆಡಲ್ (ಶೂವನ್ನು ಕಚ್ಚಿ ಹಿಡಿಯುವಂಥದ್ದು, ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ), ಬಲಕ್ಕೆ ಮಾಮೂಲಿ ಪೆಡಲ್ ಹಾಕಿಕೊಂಡು ಹೆಚ್ಚುಕಡಿಮೆ ಎರಡು ತಿಂಗಳು ಮೈಸೂರಿಡೀ ಓಡಾಡಿದೆ. ‘ಹೀಗೂ ಯಾರಾದ್ರೂ ಕಲೀತಾರಾ ಸಾರ್’ ಅಂತ ನಕ್ಕವರಲ್ಲಿ ಇಬ್ಬರು ಈಗ ಅದೇ ಅವತಾರದಲ್ಲಿ ಬೆಳಗ್ಗೆ ಲಲಿತಮಹಲ್ ರಸ್ತೆಗೆ ಬರುತ್ತಿದ್ದಾರೆ. ಅದಕ್ಕೇ ಬರೆಯಲು ಧೈರ್ಯ ಬಂತು. ಪೆಡಲ್ ಬಿಚ್ಚುವುದು, ಎಡಗಡೆಯ ಥ್ರೆಡ್ ಉಲ್ಟಾ ಇರುವುದು, ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ, ಶೂ ತಳದ ತುಂಡು) ಕೂರಿಸುವುದು ನಿಮಗೆ ಗೊತ್ತು ಅಂದುಕೊಂಡೇ ಮುಂದುವರಿಯುತ್ತೇನೆ.

ಮೊದಲು ದುಡ್ಡು ಹೋದ ಕಥೆ. ರೋಡ್ ಬೈಕ್ ಅಂದಮೇಲೆ ಮೂರು ಬೋಲ್ಟಿನ ಕ್ಲೀಟ್ ಇರುವ ಶಿಮಾನೋ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಪೆಡಲ್ಲೇ ಆಗಬೇಕು ಅಂತ ಎಲ್ಲರೂ ಹೇಳಿದರು. ಪೆಡಲ್, ಶೂ, ಹಳದಿ ಕ್ಲೀಟ್ ಎಲ್ಲ ಸೇರಿ 11,000ದ ಹತ್ತಿರ ಬಿತ್ತು. ಅದರ ಪೆಡಲಿಗೆ ಒಂದೇ ಮುಖ. ಸಿಗ್ನಲ್ ಬಿಟ್ಟಾಗ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೆ ನಾನು ಬಗ್ಗಿ ಪೆಡಲ್ ಯಾವ ಕಡೆ ತಿರುಗಿದೆ ಅಂತ ಹುಡುಕುತ್ತಿದ್ದೆ. ನೋಡದೆಯೇ ಕಾಲಿಂದ ತಿರುಗಿಸಿಕೊಳ್ಳುವ ಅಭ್ಯಾಸ ಬರುತ್ತದಂತೆ, ನನಗೆ ಬರಲಿಲ್ಲ. ಇನ್ನು ಪ್ಲಾಸ್ಟಿಕ್ ಕ್ಲೀಟ್ ಶೂ ತಳದಿಂದ ಆಚೆ ಚಾಚಿಕೊಂಡಿರುತ್ತದೆ. ಹೋಟೆಲಿನ ಒರೆಸಿದ ನೆಲದ ಮೇಲೆ ಕಾಲಿಟ್ಟರೆ ಜಾರಾಟ. ವರುಣದ ಹತ್ತಿರ ನಾವು ಕಾಫಿಗೆ ನಿಲ್ಲುವ ಕಡೆ ಅಂಗಡಿಯಮ್ಮ ಟಕ್ ಟಕ್ ಸದ್ದು ಕೇಳಿ ‘ಏನಣ್ಣ, ಕಾಲಿಗೆ ಲಾಳ ಹೊಡೆಸ್ಕೊಂಡ್ ಬಂದಿದೀಯಾ’ ಅಂದಿದ್ದರು. ಕಾಫಿ, ಇಡ್ಲಿ ಅಂತ ನಡೆದಾಡಿಯೇ ಆ ಕ್ಲೀಟ್ ಸವೆಯಿತು. ಹೊಸದಕ್ಕೆ ಮತ್ತೆ ಸಾವಿರದ ಮೇಲೆ. ಕೊನೆಗೆ ಪೆಡಲನ್ನು ಅರ್ಧ ಬೆಲೆಗೆ ಮಾರಿದೆ. ಶೂ ಯಾರೂ ಕೇಳಲಿಲ್ಲ.

ಕಲಿಯುವ ವಿಧಾನಗಳಿಗೆ ಬರೋಣ. ಗೋಡೆ ಹಿಡಿದು ನೂರು ಸಲ ಹಾಕಿ ಬಿಚ್ಚಿ ಅಂತಾರೆ. ಮಾಡಿದೆ. ಮನೆಯ ಕಾಂಪೌಂಡಿನಲ್ಲಿ ನನ್ನಷ್ಟು ಚೆನ್ನಾಗಿ ಬಿಚ್ಚುವವನು ಇಲ್ಲ ಅನ್ನುವಷ್ಟಾಯಿತು. ರಸ್ತೆಗಿಳಿದು ಎದುರಿಗೆ ಆಟೋ ಗಕ್ಕನೆ ನಿಂತರೆ ಕಾಲು ಮಾಡುವುದೇ ಬೇರೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸುವ ಬದಲು ಮೇಲಕ್ಕೆ ಎಳೆಯುತ್ತದೆ. ಮೇಲಕ್ಕೆ ಎಳೆದರೆ ಅದು ಬಿಡುವುದಿಲ್ಲ, ಅದಿರುವುದೇ ಬಿಡದಿರಲಿ ಅಂತ.

ಎರಡನೆಯದು ಹುಲ್ಲಿನ ವಿಧಾನ. ‘ಮೂರು ಸಲ ಬೀಳು ಗುರು, ಆಮೇಲೆ ಬೀಳಲ್ಲ’ ಅನ್ನುವುದು ಗುಂಪಿನ ವೇದವಾಕ್ಯ. ಲಲಿತಮಹಲ್ ಹೆಲಿಪ್ಯಾಡ್ ಮೈದಾನಕ್ಕೆ ಹೋಗಿ ಬಿದ್ದದ್ದೂ ಆಯಿತು. ನಿಂತಲ್ಲೇ ಬೀಳುವುದು, ವೇಗವೇನೂ ಇಲ್ಲ, ಮೊಣಕೈ ತರಚಿದ್ದು ಬಿಟ್ಟರೆ ಮೈಗೆ ಏನೂ ಆಗಲಿಲ್ಲ. ಆದರೆ ಒಮ್ಮೆ ಬಲಕ್ಕೆ ಬಿದ್ದೆ. ಗೇರ್ ಬದಲಿಸುವ ಹಿಂದಿನ ಡಿರೇಲರ್ ನೆಲಕ್ಕೆ ಬಡಿದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿತು. ಮನೆಗೆ ಬರುವಷ್ಟರಲ್ಲಿ ದೊಡ್ಡ ಗೇರಿನಲ್ಲಿ ಡಿರೇಲರ್ ಚಕ್ರದ ಕಡ್ಡಿಗಳಿಗೆ ತಾಗುವ ಸದ್ದು. ಹೊಸ ಹ್ಯಾಂಗರ್, ಅದನ್ನು ನೇರ ಮಾಡಿದ ಕೂಲಿ, ಗೇರ್ ಟ್ಯೂನಿಂಗ್ ಸೇರಿ 1,500 ಚಿಲ್ಲರೆ. ಮೂರು ಸಲ ಬಿದ್ದ ಮೇಲೂ ನಾಲ್ಕನೆಯದು ಬಿದ್ದೇ ಬಿದ್ದೆ, ಅದೂ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ, ಬಸ್ಸಿನ ಜನರೆಲ್ಲ ನೋಡುವಾಗ.

ಗುಂಪಿನ ಹಿರಿಯರೊಬ್ಬರು ಆಗಾಗ ಫ್ರಾನ್ಸಿನ ಸೈಕಲ್ ರೇಸರ್ ಬರ್ನಾರ್ ಇನೋ ಕಥೆ ತೆಗೆಯುತ್ತಾರೆ. ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ತಂದಿತು, ಮರುವರ್ಷವೇ ಇನೋ ಅದನ್ನು ಹಾಕಿಕೊಂಡು ಟೂರ್ ಡಿ ಫ್ರಾನ್ಸ್ ಗೆದ್ದ, ನಿನಗೇನು ಕಷ್ಟ ಅಂತ. ಇನೋಗೇನು ಸ್ವಾಮಿ, ಅವನು ಸಿಗ್ನಲ್ಲಿಗೆ ನಿಲ್ಲಬೇಕಿತ್ತೇ?

ನಿಲ್ಲುವುದೇ ಇಲ್ಲಿ ಇರುವ ವಿದ್ಯೆ. ಕಾಲು ತಿರುಗಿಸುವುದು ಯಾರಿಗಾದರೂ ಐದು ನಿಮಿಷದಲ್ಲಿ ಬರುತ್ತದೆ. ಯಾವಾಗ ತಿರುಗಿಸಬೇಕು ಅನ್ನುವುದು ಬರಬೇಕಾದರೆ ನಿಜವಾದ ರಸ್ತೆಯಲ್ಲಿ ನಿಜವಾಗಿ ನಿಲ್ಲಬೇಕು, ಸಾವಿರ ಸಲ ನಿಲ್ಲಬೇಕು. ಮೈದಾನದಲ್ಲಿ ಯಾರೂ ಅಡ್ಡ ಬರುವುದಿಲ್ಲ. ಬೆಳಗ್ಗೆ ಐದೂವರೆಯ ಖಾಲಿ ರಸ್ತೆಯಲ್ಲೂ ಅಷ್ಟೆ. ಪೇಟೆಯೊಳಗೆ ಹತ್ತು ಗಂಟೆಗೆ ಹೋದರೆ ದಿನಕ್ಕೆ ಮೂವತ್ತು ನಲವತ್ತು ಸಲ ನಿಲ್ಲುವುದು ಸಿಗುತ್ತದೆ. ಆದರೆ ಎರಡೂ ಕಾಲು ಕಟ್ಟಿಕೊಂಡು ದೇವರಾಜ ಮಾರುಕಟ್ಟೆ ಕಡೆ ಹೋಗುವಷ್ಟು ಹುಚ್ಚು ನನಗಿಲ್ಲ.

ಹಾಗಾಗಿ ಶಿಮಾನೋದ್ದೇ ಎಂ520 ಪೆಡಲ್ ಕೊಂಡೆ. ಎರಡೂ ಮುಖದಲ್ಲಿ ಕೂರುವ ಎಸ್‌ಪಿಡಿ ಅನ್ನುವ ಬಗೆ, 3,000ದ ಆಸುಪಾಸು. ಎಂಟಿಬಿ (ಮೌಂಟನ್ ಬೈಕ್) ಶೂ ಸುಮಾರು 4,500. ರೋಡ್ ಬೈಕಿಗೆ ಎಂಟಿಬಿ ಪೆಡಲಾ ಅಂತ ಅದಕ್ಕೂ ನಕ್ಕರು. ಎಡ ಪೆಡಲ್ ಮಾತ್ರ ಹಾಕಿದೆ, ಕ್ಲೀಟನ್ನು ಹಿಡಿಯುವ ಸ್ಪ್ರಿಂಗನ್ನು ಮೂರು ಎಂಎಂ ಕೀಲಿಯಿಂದ ಪೂರ್ತಿ ಸಡಿಲ ಮಾಡಿದೆ. ಬಲ ಶೂವಿನ ತಳದಲ್ಲಿ ಕ್ಲೀಟಿನ ಜಾಗ ಮುಚ್ಚುವ ರಬ್ಬರ್ ಮುಚ್ಚಳ ಕತ್ತರಿಸಲೇ ಇಲ್ಲ. ಎರಡೂ ಕಾಲಿಗೆ ಒಂದೇ ಜೊತೆ ಶೂ ಇದ್ದರೆ ಎತ್ತರದ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಡಕ್ಕೆ ಸೈಕಲ್ ಶೂ, ಬಲಕ್ಕೆ ಕ್ಯಾನ್ವಾಸ್ ಹಾಕಿಯೂ ನೋಡಿದ್ದೆ, ಸೊಂಟ ಹಿಡಿಯಿತು.

ಎಡವೇ ಯಾಕೆ ಅಂದರೆ ನಮ್ಮಲ್ಲಿ ಇಳಿಸುವ ಕಾಲು ಎಡಗಾಲು. ಗಾಡಿಗಳು ಬಲಕ್ಕೆ, ಡಿರೇಲರ್ ಬಲಕ್ಕೆ, ರಸ್ತೆಯ ಇಳಿಜಾರು ಎಡಕ್ಕೆ. ಕಲಿಯಬೇಕಾದ ಕಾಲು ಅದೇ. ಬಲಗಾಲು ಬಿಡುವಾಗಿ ಜಾಮೀನಿಗೆ ಇರುತ್ತದೆ.

ಇಲ್ಲಿಯೇ ಎಲ್ಲರೂ ವಾದಕ್ಕೆ ಬಂದದ್ದು. ಎಡಕ್ಕೆ ವಾಲಿದ ಮೇಲೆ ಎಡ ಬಿಡದಿದ್ದರೆ ಬಲಗಾಲು ಇಟ್ಟುಕೊಂಡು ಏನು ಮಾಡ್ತೀಯಾ? ಸರಿಯಾದ ಪ್ರಶ್ನೆಯೇ. ಉತ್ತರ ಹ್ಯಾಂಡಲಿನಲ್ಲಿದೆ. ಎಡ ಬಿಡಲಿಲ್ಲ ಅನಿಸಿದ ಕೂಡಲೇ ಮುಂದಿನ ಚಕ್ರವನ್ನು ಚೂರು ಎಡಕ್ಕೆ ತಿರುಗಿಸಿ. ಚಕ್ರ ಮೈಯ ಅಡಿಗೆ ಬರುತ್ತದೆ, ಸೈಕಲ್ಲು ಬಲಕ್ಕೆ ವಾಲುತ್ತದೆ, ಬಲಗಾಲು ನೆಲಕ್ಕೆ. ನಡೆಯುವ ವೇಗವಾದರೂ ಉಳಿದಿರಬೇಕು, ಪೂರ್ತಿ ನಿಂತ ಮೇಲೆ ಆಗದು. ಇದನ್ನು ಮನೆಯ ಮುಂದೆ ಒಂದು ಸಂಜೆ ಮಾಡಿ ಮೈಗೆ ಹತ್ತಿಸಿಕೊಂಡೆ. ಪೇಟೆಯಲ್ಲಿ ಬೇಕಾದದ್ದು ಎಲ್ಲೋ ಕೆಲವು ಸಲ, ಎಲ್ಲ ಮೊದಲ ವಾರದಲ್ಲೇ.

ನಿಯಮ ಒಂದೇ. ಬ್ರೇಕಿಗೆ ಬೆರಳು ಹೋಗುವ ಮೊದಲು ಎಡ ಹಿಮ್ಮಡಿ ಹೊರಕ್ಕೆ. ಪೆಡಲ್ ಕೆಳಗಿದ್ದಾಗ ತಿರುಗಿಸಿದರೆ ಸಲೀಸು, ಮೇಲಿದ್ದಾಗ ಮಂಡಿಗೆ ಜಗ್ಗುತ್ತದೆ. ನಿಲ್ಲದೇ ಹೋದರೆ ಮತ್ತೆ ಒತ್ತಿದರಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಮುಂದೆ ಯಾರೋ ಇಂಡಿಕೇಟರ್ ಹಾಕಿದರೂ ನನ್ನ ಹಿಮ್ಮಡಿ ತಾನಾಗಿ ಹೊರಳುತ್ತಿತ್ತು. ಸ್ಕೂಟರ್ ಓಡಿಸುವಾಗಲೂ ಹೊರಳುತ್ತಿತ್ತು, ಆಗ ಗೊತ್ತಾಯಿತು ಬಲಕ್ಕೂ ಹಾಕಬಹುದು ಅಂತ. ಬಲಗಾಲಿಗೆ ಕಲಿಯುವ ಕೆಲಸವೇ ಉಳಿದಿರಲಿಲ್ಲ. ಅದನ್ನು ಬಿಚ್ಚುವುದು ಮನೆಗೆ ಬಂದಮೇಲೆ, ಇಲ್ಲ ಕಾಫಿಗೆ. ಹೀಗೆ ಕಲಿತು ಎರಡೂ ಹಾಕಿದಮೇಲೆ ಟಾರು ರಸ್ತೆಯಲ್ಲಿ ಈವರೆಗೆ ಬಿದ್ದಿಲ್ಲ, ಗುಂಪಿನಲ್ಲಿ ಈ ಮಾತು ಹೇಳಬಲ್ಲವರು ಕಮ್ಮಿ.

ನಡುವೆ ಎಸ್‌ಎಚ್56 ಕ್ಲೀಟ್ ಕೂಡ ಪರೀಕ್ಷೆ ಮಾಡಿದೆ. ಯಾವ ದಿಕ್ಕಿಗೆ ಎಳೆದರೂ ಬಿಡುವಂಥದ್ದು, ಹೊಸಬರಿಗೆ ಅದೇ ಒಳ್ಳೆಯದು ಅಂತಾರೆ. ನಮ್ಮ ಹಂಪುಗಳ ಮೇಲೆ, ಗುಂಡಿಗಳಲ್ಲಿ ಎದ್ದು ತುಳಿಯುವಾಗ ಎರಡು ಸಲ ಕಾಲು ತಾನೇ ಕಳಚಿ ಟಾಪ್ ಟ್ಯೂಬಿನ (ಫ್ರೇಮಿನ ಮೇಲಿನ ಕೊಳವೆ) ಮೇಲೆ ಕೂತೆ. ವಿವರಿಸಬೇಕಿಲ್ಲ. ಪೆಡಲಿನ ಜೊತೆ ಬಂದ ಎಸ್‌ಎಚ್51ಗೇ ವಾಪಸ್. ಸ್ಪ್ರಿಂಗ್ ಸಡಿಲ ಇದ್ದರೆ ಅದೇ ಸಾಕು.

ಕಾಲನ್ನು ಮೇಲಕ್ಕೆ ಎಳೆದು ಶಕ್ತಿ ಪಡೆಯಬಹುದು ಅನ್ನುವುದನ್ನೂ ನೋಡಿದೆ. ಬಲಗಾಲನ್ನು ಪೆಡಲಿಂದ ತೆಗೆದು ಎಡಗಾಲಲ್ಲೇ ತುಳಿಯುವುದು, ಅರ್ಧ ಕ್ಲಿಪ್ಪಿಗೆ ಹೇಳಿ ಮಾಡಿಸಿದ ಆಟ. ತೊಡೆಯ ಹಿಂಭಾಗ ಮೂರು ದಿನ ನೋಯಿತು, ವೇಗವೇನೂ ಹೆಚ್ಚಲಿಲ್ಲ. ಚಾಮುಂಡಿ ಬೆಟ್ಟ ಹತ್ತುವುದರಲ್ಲಿ ಮೂರ್ನಾಲ್ಕು ನಿಮಿಷ ಉಳಿದಿರುವುದು ನಿಜ. ಅದೇ ಸಮಯಕ್ಕೆ ನಾನು ನಾಲ್ಕೈದು ಕೆಜಿ ಇಳಿದಿದ್ದೆ, ಹಾಗಾಗಿ ಪೂರ್ತಿ ಲೆಕ್ಕ ಪೆಡಲಿಗೆ ಬರೆಯಲಾರೆ.

ಕ್ಲೀಟ್ ಎಲ್ಲಿ ಕೂತಿದೆ ಅಂತ ಮಗಳ ನೇಲ್ ಪಾಲಿಷ್‌ನಿಂದ ಸುತ್ತ ಗೆರೆ ಎಳೆದಿಟ್ಟಿದ್ದೇನೆ. ಬೋಲ್ಟ್ ಸಡಿಲಾಗಿ ಸರಿದರೆ ಗೆರೆ ನೋಡಿದ ತಕ್ಷಣ ತಿಳಿಯುತ್ತದೆ, ಬದಲಿಸುವಾಗಲೂ ಅಳತೆ ಸಿಗುತ್ತದೆ. ನನ್ನ ಎಡ ಮಂಡಿಯ ನೋವು ಹೋಗಿದ್ದು ಆ ಕ್ಲೀಟನ್ನು ಎತ್ತ ಸರಿಸಿ, ಎಷ್ಟು ತಿರುಗಿಸಿದ ಮೇಲೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಫಿಜಿಯೋಗೆ ಒಂದಷ್ಟು ಸಾವಿರ ಕೊಟ್ಟು ಕಲಿತದ್ದು, ಜೊತೆಗೆ ಬೆಟ್ಟ ಹತ್ತುವವರಿಗೆ ಮಾತ್ರ ಹೇಳುತ್ತೇನೆ.

ಬನ್ನೂರು ರಸ್ತೆಗೆ ಹೋಗುವವರಿಗೆ ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ಊರ ಹತ್ತಿರ ಟಾರಿನ ಮೇಲೇ ಹುರುಳಿ ಹರಡಿರುತ್ತಾರೆ, ಗಾಡಿಗಳು ಹಾದು ಒಕ್ಕಣೆಯಾಗಲಿ ಅಂತ. ಒಣಗಿದ ಬಳ್ಳಿಯ ಮೇಲೆ 23 ಎಂಎಂ ಟೈರು ಜಾರುತ್ತದೆ, ಹಾಸು ಕಂಡ ಕೂಡಲೇ ಎಡಗಾಲು ಬಿಚ್ಚಿ ನಿಧಾನಕ್ಕೆ ದಾಟಿ. ಅಲ್ಲಿ ಕಾಲಿಟ್ಟರೆ ಕಡ್ಡಿ ಕ್ಲೀಟಿನ ಸಂದಿಗೆ ಸೇರಿಕೊಂಡು ಆಮೇಲೆ ಎಷ್ಟು ಒತ್ತಿದರೂ ಕೂರುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಅರ್ಧಕ್ಕೆ ಕತ್ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ.