ಟಸ್ಕನಿಯ ದ್ರಾಕ್ಷಿ ಬೆಟ್ಟಗಳಲ್ಲಿ ಒಂದು ವಾರ: ಕಾರಿನ ಪ್ರವಾಸಕ್ಕೆ ಸಿದ್ಧತೆ ಹೇಗೆ?

ಇಟಲಿಯ ಫ್ಲಾರೆನ್ಸ್‌ನಿಂದ ಸಿಯೆನಾ ನಗರಕ್ಕೆ ವೇಗದ ರಸ್ತೆಯಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚಿನ ಹಾದಿ. ಇದೇ ಎರಡು ಊರುಗಳ ನಡುವೆ ಕಿಯಾಂತಿ ಬೆಟ್ಟಗಳನ್ನು ಹತ್ತಿಳಿಯುತ್ತ ಸಾಗುವ 222ನೇ ಸಂಖ್ಯೆಯ ಹಳೆಯ ರಸ್ತೆಯೂ ಇದೆ. ಸುಮಾರು 70 ಕಿ.ಮೀ. ಉದ್ದದ ಆ ರಸ್ತೆಗೆ ಒಂದು ಇಡೀ ದಿನವನ್ನು ಕೊಡಲು ಮನಸ್ಸಿರುವವರಿಗಾಗಿ ಈ ಲೇಖನ.

ಮೊದಲು ಕಾಗದಪತ್ರ. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನಮ್ಮ ಚಾಲನಾ ಪರವಾನಗಿಯೊಂದೇ ಅಲ್ಲಿ ಸಾಲದು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಜೊತೆಗಿರಬೇಕು. ಬಾಡಿಗೆ ಕಾರುಗಳಲ್ಲಿ ಗೇರ್ ಬದಲಿಸಬೇಕಾದವೇ ಹೆಚ್ಚು. ರಸ್ತೆಯ ಬಲಬದಿಯಲ್ಲಿ ಓಡಿಸುವುದು ಹೊಸದಾಗಿದ್ದರೆ, ಸ್ವಲ್ಪ ಹೆಚ್ಚು ತೆತ್ತಾದರೂ ಆಟೊಮ್ಯಾಟಿಕ್ ಕಾರನ್ನೇ ಕಾಯ್ದಿರಿಸುವುದು ಜಾಣತನ.

ಎರಡನೆಯದು ಕಾಲದ ಆಯ್ಕೆ. ಮೇ ತಿಂಗಳಲ್ಲಿ ಬೆಟ್ಟಗಳು ಹಸಿರಾಗಿರುತ್ತವೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ದ್ರಾಕ್ಷಿಯ ಕೊಯ್ಲು ನಡೆಯುತ್ತದೆ. ಆಗಸ್ಟ್ ಬೇಡ: ಸೆಕೆಯ ಜೊತೆಗೆ ಇಟಲಿಯವರೇ ರಜೆಗೆ ಹೊರಡುವ ತಿಂಗಳು ಅದು. ಸಿಯೆನಾದ ಚೌಕದಲ್ಲಿ ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವ 'ಪಾಲಿಯೊ' ಕುದುರೆ ಓಟವನ್ನು ನೋಡಲೇಬೇಕೆಂದಿದ್ದರೆ ಮಾತು ಬೇರೆ.

ಮೂರನೆಯದಾಗಿ, ದಿನಕ್ಕೊಂದು ಊರಿನಲ್ಲಿ ತಂಗುವ ಆಸೆಯನ್ನು ಬಿಡಬೇಕು. ಕಿಯಾಂತಿಯಲ್ಲಿ ಮೂರು ರಾತ್ರಿ, ದಕ್ಷಿಣದ ಓರ್ಚಾ ಕಣಿವೆಯಲ್ಲಿ ಮೂರು ರಾತ್ರಿ ಎಂದು ಎರಡೇ ನೆಲೆಗಳನ್ನು ಹಿಡಿದರೆ ಸಾಕು. ರೈತರು ತಮ್ಮ ತೋಟದಲ್ಲೇ ನಡೆಸುವ 'ಅಗ್ರಿತುರಿಸ್ಮೊ' ವಸತಿಗಳಲ್ಲಿ ಕಾರು ನಿಲ್ಲಿಸಲು ಜಾಗವಿರುತ್ತದೆ. ಅನೇಕ ಕಡೆ ಅವರದೇ ವೈನ್, ಆಲಿವ್ ಎಣ್ಣೆಗಳೂ ಊಟಕ್ಕೆ ಬರುತ್ತವೆ.

ಮೊದಲ ನೆಲೆಯಿಂದ ಗ್ರೇವೆ, ಕಾಸ್ತೆಲ್ಲೀನಾ ಊರುಗಳನ್ನೂ, ಮಧ್ಯಯುಗದ ಹದಿನಾಲ್ಕು ಕಲ್ಲಿನ ಗೋಪುರಗಳು ಉಳಿದಿರುವ ಸಾನ್ ಜಿಮಿನ್ಯಾನೊವನ್ನೂ ನೋಡಬಹುದು. ಕಿಯಾಂತಿ ವೈನ್ ತಯಾರಾಗುವ ಸೀಮೆಯ ಎಲ್ಲೆಯನ್ನು 1716ರಷ್ಟು ಹಿಂದೆಯೇ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಆಜ್ಞೆ ಹೊರಡಿಸಿ ಗುರುತಿಸಿದ್ದ. ಬಾಟಲಿಯ ಮೇಲೆ ಕಪ್ಪು ಹುಂಜದ ಮುದ್ರೆಯಿದ್ದರೆ ಅದು 'ಕಿಯಾಂತಿ ಕ್ಲಾಸಿಕೊ'. ಅದರಲ್ಲಿ ಕನಿಷ್ಠ ಶೇ 80ರಷ್ಟು ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಎರಡನೇ ನೆಲೆಯಿಂದ ಮೊಂತಾಲ್ಚಿನೊ, ಪಿಯೆಂಜಾ, ಮೊಂತೆಪುಲ್ಚಾನೊ ಮೂರೂ ಹತ್ತಿರ. ಮೊಂತಾಲ್ಚಿನೊದ ಬ್ರುನೆಲ್ಲೊ ವೈನ್ ಪೂರ್ತಿ ಸಾಂಜೊವೇಸೆಯದು. ಕೊಯ್ಲಾದ ಐದನೇ ವರ್ಷದ ಜನವರಿಗೆ ಮೊದಲು ಅದನ್ನು ಮಾರುವಂತಿಲ್ಲ. ಪಿಯೆಂಜಾ ಪೋಪ್ ಎರಡನೆಯ ಪಿಯುಸ್ ಹುಟ್ಟಿದ ಹಳ್ಳಿ. 1459ರಿಂದಾಚೆಗೆ ಆತ ವಾಸ್ತುಶಿಲ್ಪಿ ರೊಸ್ಸೆಲ್ಲೀನೊನಿಂದ ಅದರ ಚೌಕವನ್ನೂ ಚರ್ಚನ್ನೂ ಹೊಸದಾಗಿ ಕಟ್ಟಿಸಿ, ತನ್ನ ಹೆಸರನ್ನೇ ಊರಿಗಿಟ್ಟ. ಅಲ್ಲಿನ ಕುರಿಹಾಲಿನ ಪೆಕೊರೀನೊ ಚೀಸ್ ಪ್ರಸಿದ್ಧ. ಆದರೆ ಇಂಥ ಚೀಸ್‌ಗಳ ಹಾಲು ಒಡೆಯಲು ಸಾಮಾನ್ಯವಾಗಿ ಪ್ರಾಣಿಮೂಲದ ಕಿಣ್ವವನ್ನೇ ಬಳಸುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿ ಕೊಳ್ಳಬೇಕು.

ವೈನ್ ರುಚಿ ನೋಡುವ ಭೇಟಿಗಳನ್ನು ಇಮೇಲ್ ಮೂಲಕ ಮೊದಲೇ ಗೊತ್ತುಮಾಡಿಕೊಳ್ಳಿ. ದಿನಕ್ಕೆ ಒಂದು ಸಾಕು, ಎರಡು ಅತಿಯಾಯಿತು. ಚಾಲಕನ ರಕ್ತದಲ್ಲಿ ಆಲ್ಕೊಹಾಲ್ ಲೀಟರಿಗೆ 0.5 ಗ್ರಾಂ ದಾಟುವಂತಿಲ್ಲ. ಪರವಾನಗಿ ಪಡೆದು ಮೂರು ವರ್ಷ ತುಂಬದವರು ಒಂದು ಹನಿಯನ್ನೂ ಕುಡಿದು ಓಡಿಸುವಂತಿಲ್ಲ. ಬಾಯಲ್ಲಿ ಹೊರಳಿಸಿ ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಲು ಸಂಕೋಚ ಬೇಡ. ಆದರೂ ಆ ದಿನ ಯಾರು ಓಡಿಸುತ್ತಾರೆಂಬುದು ಬೆಳಗಿನ ಕಾಫಿಯ ಹೊತ್ತಿಗೇ ತೀರ್ಮಾನವಾಗಿರಲಿ.

ಹೊಸಬರು ಹೆಚ್ಚಾಗಿ ಎಡವುವುದು ಕುಡಿತದಲ್ಲಲ್ಲ, 'ಜೆಡ್‌ಟಿಎಲ್' ಎಂಬ ಮೂರಕ್ಷರದಲ್ಲಿ. ಹಳೆಯ ಊರುಗಳ ಒಳಭಾಗಕ್ಕೆ ಅನುಮತಿಯಿಲ್ಲದ ವಾಹನಗಳು ಬರಬಾರದೆಂಬ ನಿಯಮ ಅದು. ತಡೆಯಲು ಗೇಟಿಲ್ಲ, ಪೊಲೀಸರಿಲ್ಲ. ಕ್ಯಾಮೆರಾ ಮಾತ್ರ ಇರುತ್ತದೆ. 'ವಾರ್ಕೊ ಅತ್ತೀವೊ' ಎಂಬ ಫಲಕವನ್ನು ಕಂಡು ದಾರಿ ತೆರೆದಿದೆಯೆಂದು ನುಗ್ಗುವವರಿದ್ದಾರೆ. ನಿರ್ಬಂಧ ಜಾರಿಯಲ್ಲಿದೆ ಎಂಬುದು ಅದರ ಅರ್ಥ. ದಂಡದ ಚೀಟಿ ತಿಂಗಳುಗಳ ನಂತರ ಮನೆ ಬಾಗಿಲಿಗೆ ಬರುತ್ತದೆ, ಕಾರು ಕೊಟ್ಟ ಸಂಸ್ಥೆಯ ಶುಲ್ಕ ಬೇರೆ. ಆದ್ದರಿಂದ ಕೋಟೆಗೋಡೆಯ ಹೊರಗೇ ಕಾರು ನಿಲ್ಲಿಸಿ. ಬಿಳಿ ಗೆರೆಯ ಜಾಗ ಉಚಿತ, ನೀಲಿಗೆ ಹಣ ಕೊಡಬೇಕು, ಹಳದಿ ಕಾಯ್ದಿರಿಸಿದ್ದು. ಸಿಯೆನಾದಲ್ಲಿ ಸಾಂತಾ ಕತೆರೀನಾ ಪಾರ್ಕಿಂಗ್‌ನಿಂದ ಬೆಟ್ಟದ ಮೇಲಿನ ಊರಿಗೆ ಎಸ್ಕಲೇಟರ್ ಇದೆ.

ಕೊನೆಗೆ ಕೊಳ್ಳುವ ಮಾತು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ ಎರಡು ಲೀಟರ್. ಎಂದರೆ 750 ಮಿ.ಲೀ.ಯ ಎರಡು ಬಾಟಲಿ ಮಾತ್ರ. ಮೂರನೆಯದನ್ನು ಆ ತೋಟದ ಜಗಲಿಯಲ್ಲೇ ತೆರೆಯುವುದು ಒಳ್ಳೆಯದು.