ಕಿಟಕಿ ಬೆವರಿದರೆ ಗಾಜನ್ನು ಬೈಯಬೇಡಿ

ಧನುರ್ಮಾಸ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಬೆಳಗ್ಗೆ ಎದ್ದವರೆಲ್ಲರದೂ ಒಂದೇ ಗೋಳು. ಕಿಟಕಿಯೆಲ್ಲ ನೀರು. ಗಾಜಿನ ಒಳಮೈ ತುಂಬ ಹನಿ, ಹನಿ ಇಳಿದು ಟ್ರ್ಯಾಕಿನಲ್ಲಿ ನೀರು, ಅಲ್ಲಿಂದ ಗೋಡೆಗೆ. ಸಂಕ್ರಾಂತಿ ಹೊತ್ತಿಗೆ ಕಿಟಕಿಯ ಕೆಳಗೆ ಪೇಂಟು ಉಬ್ಬಿ, ಮೂಲೆಯಲ್ಲಿ ಕಪ್ಪು ಬೂಷ್ಟು. ಆಮೇಲೆ ಶುರು ನೋಡಿ, ಕಿಟಕಿ ಮಾಡಿದವನು ಸರಿಯಿಲ್ಲ, ಗಾಜು ಸರಿಯಿಲ್ಲ, ನಂದಿ ಬೆಟ್ಟದ ಮಂಜೆಲ್ಲ ನಮ್ಮ ಮನೆಗೇ ನುಗ್ಗುತ್ತಿದೆ ಅಂತ. ಆ ನೀರು ನಿಮ್ಮ ಮನೆಯದೇ ಕಣ್ರಪ್ಪಾ. ನಿಮ್ಮ ಒಲೆಯದು, ಬಚ್ಚಲಿನದು, ರಾತ್ರಿಯೆಲ್ಲ ನೀವು ಬಿಟ್ಟ ಉಸಿರಿನದು.

ನಮ್ಮ ಮನೆಯಲ್ಲೇ ಆಗಿದ್ದನ್ನು ಹೇಳುತ್ತೇನೆ. ಹಳೇ ಹಂಚಿನ ಮನೆ ಕೆಡವಿ ಮಗ ಹೊಸದು ಕಟ್ಟಿಸಿದ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದ. ಮೊದಲ ಚಳಿಗಾಲಕ್ಕೇ ನೀರು ಬಂತು. ಕಿಟಕಿ ಕೆಲಸದವನನ್ನು ಕರೆಸಿದ. ಅವನು ಬಂದು ಲೀಕ್ ಆಗುತ್ತಿದೆ ಅಂತ ಹೇಳಿ, ಕಂಡ ಕಂಡ ಸಂದಿಗೆಲ್ಲ ಸಿಲಿಕಾನ್ ಬಳಿದು ದುಡ್ಡು ತಗೊಂಡು ಹೋದ. ಮಳೆ ಬಂದು ಒಂದು ತಿಂಗಳಾಗಿದೆ, ಲೀಕ್ ಆಗುವುದಕ್ಕೆ ಎಲ್ಲಿಯ ನೀರಪ್ಪಾ ಅಂತ ನಾನು ಕೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಟ್ರ್ಯಾಕಿನ ಅಡಿಯಲ್ಲಿ ನೀರು ಹೊರಗೆ ಹೋಗಲಿ ಅಂತ ಬಿಟ್ಟಿರುವ ಸಣ್ಣ ತೂತುಗಳಿಗೂ ಬಳಿದು ಮುಚ್ಚಿದ್ದ! ಆ ವರ್ಷ ನೀರು ಟ್ರ್ಯಾಕಿನಲ್ಲೇ ನಿಂತು, ಉಕ್ಕಿ ಒಳಗೆ ಬಂದು, ಪಕ್ಕದ ಮಂಚದ ಪ್ಲೈವುಡ್ ಊದಿಕೊಂಡಿತು. ನಾನೇ ಕೂತು ಹಳೇ ಚಾಕುವಿನಿಂದ ಆ ಸಿಲಿಕಾನ್ ಕಿತ್ತೆ.

ಮೊಮ್ಮಗಳು ಕಾಲೇಜಿನಲ್ಲಿ ಓದುವವಳು, ಅವಳು ಲೆಕ್ಕ ಹಾಕಿ ತೋರಿಸಿದ ಮೇಲೆ ಮಗ ನಂಬಿದ. 25 ಡಿಗ್ರಿ ಬಿಸಿ ಇರುವ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರನ್ನು ಆವಿಯಾಗಿ ಹೊತ್ತುಕೊಂಡಿರಬಲ್ಲದಂತೆ. ಅದೇ ಗಾಳಿ 15 ಡಿಗ್ರಿಗೆ ಇಳಿದರೆ 13 ಗ್ರಾಂಗಿಂತ ಜಾಸ್ತಿ ಹೊರಲಾರದು. ನಮ್ಮೂರಲ್ಲಿ ಜನವರಿ ಬೆಳಗಿನ ಜಾವ 15ಕ್ಕೆ ಇಳಿಯುವುದೇನು ದೊಡ್ಡ ಮಾತಲ್ಲ. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಗಾಜು, ಅದಕ್ಕಿಂತ ಮೊದಲು ಅಲ್ಯೂಮಿನಿಯಂ ಚೌಕಟ್ಟು. ಗಾಳಿ ಹೊರಲಾರದ ನೀರನ್ನು ಅಲ್ಲೇ ಇಳಿಸಿ ಹೋಗುತ್ತದೆ. ಇನ್ನೊಂದು ಲೆಕ್ಕ ಕೇಳಿ ನನಗೇ ಆಶ್ಚರ್ಯ ಆಯಿತು. ಗ್ಯಾಸ್ ಉರಿದರೆ ನೀರಾಗುತ್ತದೆ. ಒಂದು ಕೆಜಿ ಗ್ಯಾಸಿಗೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರು. ಅಂದರೆ 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಮೇಲೆ ನೀರು ಆವಿಯಾಗಿ ಅಡುಗೆಮನೆಗೆ ಬಂದಿರುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರು ಬೇರೆ! ಅವರೆಕಾಯಿ ಕಾಲದಲ್ಲಿ ಕೇಳಲೇಬೇಡಿ. ಒಂದು ಒಲೆಯಲ್ಲಿ ಹಿತಕಿದ ಬೇಳೆ ಸಾರು ಕೊತಕೊತ, ಇನ್ನೊಂದರಲ್ಲಿ ಮುದ್ದೆಗೆ ಎಸರು. ಮೊದಲು ಆ ಹಬೆಯೆಲ್ಲ ಹಂಚಿನ ಸಂದಿಯಲ್ಲಿ, ಗವಾಕ್ಷಿಯಲ್ಲಿ ಹೋಗುತ್ತಿತ್ತು. ಈಗ ಎಲ್ಲಿಗೆ ಹೋಗಬೇಕು?

ನನ್ನ ತವರು ಶಿಡ್ಲಘಟ್ಟದ ಕಡೆ. ರೇಷ್ಮೆ ಸಾಕಿದ ಮನೆ. ಗಾಳಿ, ಹಸಿ ಎಂದರೇನು ಅಂತ ನಾನು ಕಲಿತದ್ದು ಹುಳು ಮನೆಯಲ್ಲಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ನಿಲ್ಲಿಸಿ, ತಟ್ಟೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸುತ್ತಿದ್ದೆವು. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟ ಮೇಲಂತೂ ಅಪ್ಪನಿಗೆ ನಿದ್ದೆಯೇ ಇರುತ್ತಿರಲಿಲ್ಲ. ಗೂಡು ಕಟ್ಟುವ ಹುಳು ಮೈಯ ನೀರನ್ನೆಲ್ಲ ಹೊರಗೆ ಬಿಡುತ್ತದೆ. ಆಗ ಕಿಟಕಿ ಮುಚ್ಚಿದರೆ ಮನೆ ಹಸಿಯಾಗಿ, ಗೂಡು ನೋಡುವುದಕ್ಕೆ ಚೆನ್ನಾಗಿದ್ದರೂ ಬಿಚ್ಚುವಾಗ ನೂಲು ಕಿತ್ತುಹೋಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಎಷ್ಟೇ ಚಳಿ ಇರಲಿ, ಅಪ್ಪ ಎದುರುಬದುರು ಎರಡು ಕಿಟಕಿ ಬಿಡಿಸಿಡುತ್ತಿದ್ದರು. ಒಂದೇ ಕಿಟಕಿ ತೆಗೆದರೆ ಗಾಳಿ ಬಾಗಿಲಲ್ಲಿ ನಿಂತು ನೋಡುತ್ತದೆ, ಎರಡು ತೆಗೆದರೆ ಒಳಗೆ ಬಂದು ಹೋಗುತ್ತದೆ ಅನ್ನುತ್ತಿದ್ದರು. ಹುಳುವಿಗೆ ಮಾಡಿದ್ದನ್ನು ಮನುಷ್ಯರಿಗೆ ಮಾಡಲು ಏನು ಕಷ್ಟ?

ಹಾಗಾಗಿ ಮೊದಲ ಕೆಲಸ ಇದು. ರಾತ್ರಿ ಅಡುಗೆ ಮುಗಿದ ಮೇಲೆ, ಮಲಗುವುದಕ್ಕೆ ಮುಂಚೆ, ಎದುರುಬದುರು ಕಿಟಕಿ ತೆಗೆದು ಒಂದು ಹತ್ತು ನಿಮಿಷ ಬಿಡಿ. ಬೆಳಗ್ಗೆ ಎದ್ದ ತಕ್ಷಣ ಇನ್ನೊಂದು ಸಲ. ಸೊಳ್ಳೆ ಅನ್ನುತ್ತೀರಿ, ಗೊತ್ತು. ಸಂಜೆ ಸೊಳ್ಳೆ ಹೊತ್ತಿನಲ್ಲಿ ಮುಚ್ಚಿಕೊಳ್ಳಿ, ಅದಾದ ಮೇಲೆ ಮೆಷ್ ಬಾಗಿಲು ಎಳೆದು ಗಾಜು ತೆಗೆಯಿರಿ. ಆ ಮೆಷ್ ಒಮ್ಮೆ ತೊಳೆಯಿರಿ. ಧೂಳು ಕಟ್ಟಿ ಕಂಬಳಿಯ ಹಾಗಾಗಿರುತ್ತದೆ, ಗಾಳಿ ಎಲ್ಲಿಂದ ಬರಬೇಕು. ಹೊರಗೆ ಮಂಜಿದೆ, ತೆಗೆದರೆ ಇನ್ನೂ ಹಸಿ ಬರುವುದಿಲ್ಲವಾ ಅಂತ ಸೊಸೆ ಕೇಳಿದಳು. ಒಳ್ಳೆ ಪ್ರಶ್ನೆ. ಆದರೆ ಹೊರಗಿನದು ತಣ್ಣನೆ ಗಾಳಿ, ಅದರಲ್ಲಿ ಇರುವ ನೀರೇ ಕಡಿಮೆ. ಒಳಗೆ ಬಂದು ಬೆಚ್ಚಗಾದ ಮೇಲೆ ಅದು ಇನ್ನಷ್ಟು ನೀರು ಹೀರಿಕೊಂಡು ಹೋಗುತ್ತದೆ. ಮಂಜು ತೀರಾ ದಟ್ಟವಾಗಿ ಕೋಣೆಗೇ ತೇಲಿ ಬರುವ ಹಾಗಿದ್ದರೆ ಮಾತ್ರ ಬಿಸಿಲು ಬರುವವರೆಗೆ ಕಾಯಿರಿ.

ರಾತ್ರಿ ಕೋಣೆಯನ್ನು ಡಬ್ಬಿಯ ಹಾಗೆ ಮುಚ್ಚಿ ಮಲಗಬೇಡಿ. ಒಬ್ಬರು ಮಲಗಿ ಏಳುವಷ್ಟರಲ್ಲಿ ಉಸಿರಿನಲ್ಲಿ, ಮೈಯಲ್ಲಿ ಒಂದು ಲೋಟದಷ್ಟು ನೀರಾದರೂ ಹೊರಗೆ ಹೋಗಿರುತ್ತದೆ. ನಾಲ್ಕು ಜನ ಮಲಗಿದರೆ ನಾಲ್ಕು ಲೋಟ, ಅದೇ ನಿಮ್ಮ ಗಾಜಿನ ಮೇಲೆ. ಎರಡು ಬೆರಳು ಸಂದಿ ಬಿಟ್ಟು ಮಲಗಿ. ಚಳಿಗೆ ಇನ್ನೊಂದು ಕಂಬಳಿ ಹೊದೆಯಿರಿ. ಕೆಲವರು ಚಳಿ ಅಂತ ಕೋಣೆಯಲ್ಲಿ ಇದ್ದಲು ಕೆಂಡ ಇಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಖಂಡಿತ ಬೇಡ. ಕೆಂಡದಿಂದ ಏಳುವ ವಿಷದ ಗಾಳಿಗೆ ವಾಸನೆಯೂ ಇಲ್ಲ, ಗೊತ್ತಾಗದೆ ಜೀವ ಹೋಗುತ್ತದೆ.

ಸ್ನಾನ ಮಾಡಿ ಬಂದು ಬಚ್ಚಲಿನ ಬಾಗಿಲನ್ನು ಕೋಣೆಯ ಕಡೆಗೆ ಹಾರು ಹೊಡೆದು ಬಿಡುವುದು ಈಗಿನ ಮಕ್ಕಳ ಅಭ್ಯಾಸ. ಒಳಗಿನ ಹಬೆಯೆಲ್ಲ ಮಂಚಕ್ಕೆ, ಬೀರುವಿಗೆ. ಬಾಗಿಲು ಮುಚ್ಚಿ, ವೆಂಟಿಲೇಟರ್ ತೆಗೆದು, ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ಓಡಲಿ. ಅಡುಗೆಮನೆ ಚಿಮಣಿಯದೂ ಒಂದು ಮಾತು. ಹೊರಗೆ ಪೈಪು ಇಲ್ಲದ ಚಿಮಣಿ ಇದ್ದರೆ ಅದು ಎಣ್ಣೆ, ವಾಸನೆ ಹಿಡಿಯುತ್ತದೆ ಅಷ್ಟೆ, ಹಬೆಯನ್ನು ತಿರುಗಿ ನಿಮ್ಮ ಮುಖಕ್ಕೇ ಬಿಡುತ್ತದೆ. ಎಸರಿಗೆ ಮುಚ್ಚಳ ಮುಚ್ಚಿ, ಕಿಟಕಿ ತೆಗೆಯಿರಿ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಹಾಲಿನಲ್ಲಿ ಇಡುವವರಿಗೆ ಏನು ಹೇಳಲಿ? ಮೇಲೆ ಮಹಡಿ ಇದೆ, ಬಿಸಿಲಿದೆ, ಹತ್ತು ಮೆಟ್ಟಿಲು ಹತ್ತುವುದಕ್ಕೆ ಬೇಜಾರು.

ದಪ್ಪ ಪರದೆ ಎಳೆದರೆ ಗಾಜು ಬೆಚ್ಚಗಿರುತ್ತದೆ ಅಂದುಕೊಳ್ಳಬೇಡಿ. ಕೋಣೆಯ ಬಿಸಿ ಗಾಜಿಗೆ ತಲುಪದೆ ಅದು ಇನ್ನಷ್ಟು ತಣ್ಣಗಾಗಿ ಜಾಸ್ತಿ ಬೆವರುತ್ತದೆ. ಬೀರುವನ್ನು ಹೊರಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಇರಲಿ. ಇನ್ನು ಬಟ್ಟಲಿನಲ್ಲಿ ಕಲ್ಲುಪ್ಪು ಇಟ್ಟರೆ ಹಸಿ ಹೀರುತ್ತದೆ ಅಂತ ವಿಡಿಯೋ ನೋಡಿ ಎಲ್ಲಾ ಕಿಟಕಿಗೂ ಬಟ್ಟಲು ಇಡುತ್ತಾರೆ. ಉಪ್ಪು ನೀರು ಬಿಡುವುದು ಗಾಳಿ ತೀರಾ ಹಸಿಯಾದಾಗ. ಆಗಲೂ ಅದು ಹೀರುವುದು ಚಮಚದ ಲೆಕ್ಕ, ನೀವು ಬಿಡುವುದು ಲೀಟರಿನ ಲೆಕ್ಕ. ಸುಮ್ನೆ ಉಪ್ಪು ದಂಡ.

ಇಷ್ಟು ಮಾಡಿದರೂ ತೀರಾ ಚಳಿಯ ನಾಲ್ಕು ದಿನ ಗಾಜು ಸ್ವಲ್ಪ ಬೆವರುತ್ತದೆ. ಅದಕ್ಕೆ ನನ್ನ ಅಂಟುವಾಳದ ನೀರು. ಇದನ್ನು ಸರಿಯಾಗಿ ಮಾಡುವವರನ್ನು ನಾನು ಇನ್ನೂ ನೋಡಿಲ್ಲ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಗ್ರಂಧಿಗೆ ಅಂಗಡಿಯಲ್ಲಿ ಅಂಟುವಾಳ ತರುವಾಗ ಕೈಯಲ್ಲಿ ಹಿಡಿದು ನೋಡಿ. ಬೆಲ್ಲದ ಬಣ್ಣ, ಸುಕ್ಕು, ಒತ್ತಿದರೆ ಸ್ವಲ್ಪ ಅಂಟಬೇಕು. ಕಪ್ಪಾಗಿ ಒಣಗಿ ಕಟಕಟ ಅನ್ನುವುದು ಬೇಡ, ಬಣ್ಣ ಬಿಡುತ್ತದೆ. ಮನೆಗೆಲ್ಲ ಸೇರಿ ಐದಾರು ಕಾಯಿ ಸಾಕು. ಒಡೆದು ಬೀಜ ತೆಗೆಯಿರಿ. ಆ ಕಪ್ಪು ಬೀಜದಲ್ಲಿ ನಾವು ಅಳಗುಳಿಮಣೆ ಆಡುತ್ತಿದ್ದೆವು, ಎಸೆಯಬೇಡಿ, ಮಕ್ಕಳಿಗೆ ಕೊಡಿ. ಸಿಪ್ಪೆಯನ್ನು ರಾತ್ರಿ ಉಗುರುಬೆಚ್ಚನೆ ನೀರಿನಲ್ಲಿ, ಮುಳುಗುವಷ್ಟಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ ನೆನೆಹಾಕಿ. ಬೆಳಗ್ಗೆ ಚೆನ್ನಾಗಿ ಹಿಸುಕಿ. ನೊರೆ ಉಕ್ಕುತ್ತದೆ. ಎಲ್ಲರೂ ತಪ್ಪು ಮಾಡುವುದು ಇಲ್ಲೇ, ನೊರೆಯನ್ನೇ ಎತ್ತಿ ಗಾಜಿಗೆ ಬಳಿಯುತ್ತಾರೆ. ನೊರೆ ಅಡಗುವವರೆಗೆ ಬಿಡಿ. ಕೆಳಗಿನ ತಿಳಿ ನಮಗೆ ಬೇಕಾದದ್ದು. ಅದನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಹಾಲು ಹಾಕದ ತೆಳು ಟೀ ಬಣ್ಣ ಬರುವವರೆಗೆ ನೀರು ಬೆರೆಸಿ. ಗಟ್ಟಿಯಾದರೆ ಗಾಜು ಜಿಗುಟಾಗಿ ಧೂಳು ಹಿಡಿಯುತ್ತದೆ. ಕೈಯನ್ನು ಕಣ್ಣಿಗೆ ತಾಗಿಸಬೇಡಿ, ಬೆಂಕಿ ಬಿದ್ದ ಹಾಗೆ ಉರಿಯುತ್ತದೆ.

ಬಟ್ಟೆ ಹಳೇ ಪಂಚೆಯದೇ ಆಗಬೇಕು. ನೂರು ಸಲ ಒಗೆದು ಮೆತ್ತಗಾದ ಹತ್ತಿ. ಅಂಚು ಕತ್ತರಿಸಿ ತೆಗೆಯಿರಿ, ಅಂಚು ಗಾಜಿನ ಮೇಲೆ ಗೆರೆ ಬಿಡುತ್ತದೆ. ನಮ್ಮ ಯಜಮಾನರ ಹಳೇ ಪಂಚೆಗಳನ್ನು ನಾನು ಇದಕ್ಕೇ ಎತ್ತಿಟ್ಟಿದ್ದೇನೆ, ಒಂದು ಕಟ್ಟು ಇದೆ. ಸೊಸೆ ಟರ್ಕಿ ಟವೆಲ್ ತಂದಳು, ಗಾಜಿನ ತುಂಬ ನೂಲು ನೂಲು. ಹೊತ್ತು ಹನ್ನೊಂದು ಗಂಟೆಯ ಸುಮಾರಿಗೆ, ಗಾಜು ಪೂರ್ತಿ ಒಣಗಿರಬೇಕು, ಆದರೆ ನೇರ ಬಿಸಿಲು ಬಿದ್ದಿರಬಾರದು. ಮೊದಲು ಬರೀ ನೀರಿನಲ್ಲಿ ಒರೆಸಿ ಧೂಳು, ಎಣ್ಣೆ ಜಿಡ್ಡು ತೆಗೆದು ಒಣಗಿಸಿಕೊಳ್ಳಿ. ಆಮೇಲೆ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಅದ್ದಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಒರೆಸಿ ಬಿಟ್ಟುಬಿಡಿ. ಮುಟ್ಟಬೇಡಿ. ಉಸಿರು ಬಿಟ್ಟ ಹಾಗೆ ಮಸುಕಾಗಿ ಒಣಗುತ್ತದೆ. ಆಗ ಇನ್ನೊಂದು ಒಣ ತುಂಡಿನಿಂದ ಸಣ್ಣ ಸಣ್ಣ ಸುತ್ತಿನಲ್ಲಿ, ಮಗುವಿನ ಬೆನ್ನು ಸವರಿದ ಹಾಗೆ ಮೆತ್ತಗೆ, ತಿಳಿಯಾಗುವವರೆಗೆ ಉಜ್ಜಿ. ಹತ್ತಿರ ಹೋಗಿ ಹಾ ಅಂತ ಉಸಿರು ಬಿಟ್ಟು ನೋಡಿ. ಮಸುಕಾಗಲಿಲ್ಲ ಅಂದರೆ ಸರಿ. ಎಲ್ಲಿ ಮಸುಕಾಯಿತೋ ಅಲ್ಲಿ ಕೈ ಬಿಟ್ಟಿದ್ದೀರಿ, ಅಷ್ಟಕ್ಕೇ ಇನ್ನೊಮ್ಮೆ ಮಾಡಿ.

ಇದು ಹಸಿಯನ್ನು ಕಡಿಮೆ ಮಾಡುವುದಿಲ್ಲ, ಆ ತಪ್ಪು ತಿಳಿಯಬೇಡಿ. ನೀರು ಹನಿಗಟ್ಟದೆ ತೆಳು ಪದರವಾಗಿ ಹರಡುತ್ತದೆ. ಬೆಳಗ್ಗೆ ಕಿಟಕಿ ತೆಗೆದರೆ ಬೇಗ ಆರುತ್ತದೆ. ಸ್ವಲ್ಪವೇ ಬೆವರಿದ ದಿನ ಧಾರೆಯಾಗಿ ಇಳಿದು ಮರ, ಗೋಡೆ ಹಾಳಾಗುವುದಿಲ್ಲ. ಒಂದು ವಾರ, ಹತ್ತು ದಿನ ಬಾಳುತ್ತದೆ. ಮಧ್ಯೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಮತ್ತೆ ಮಾಡಬೇಕು. ಬಚ್ಚಲಿನ ಕನ್ನಡಿಗೂ ಇದೇ.

ಉಳಿದ ಅಂಟುವಾಳದ ನೀರನ್ನು ಚೆಲ್ಲುತ್ತೀರಾ? ಅದರಲ್ಲಿ ರೇಷ್ಮೆ ಸೀರೆ ಅದ್ದಿ ತೆಗೆಯಬಹುದು, ಬಂಗಾರದ ಸರ ತೊಳೆಯಬಹುದು. ರೇಷ್ಮೆ ಸೀರೆಯನ್ನು ವಾಷಿಂಗ್ ಮೆಷಿನ್‌ಗೆ ಹಾಕಿದ ಒಬ್ಬಳನ್ನು ನಾನು ನೋಡಿದ್ದೇನೆ, ನನ್ನ ಕಣ್ಣಲ್ಲಿ ನೀರು ಬಂತು. ಒಂದು ಸೀರೆಗೆ ಎಷ್ಟು ಗೂಡು, ಎಷ್ಟು ಜನರ ರಾತ್ರಿ ನಿದ್ದೆ ಅಂತ ಹುಳು ಸಾಕಿದವರಿಗೆ ಗೊತ್ತು. ತಣ್ಣೀರು, ಅಂಟುವಾಳ, ಹಿಂಡದೆ ನೆರಳಲ್ಲಿ ಹರವುವುದು. ಅಷ್ಟೇ. ಬಣ್ಣ ಬಿಡುತ್ತದಾ ಅಂತ ಮೊದಲು ಸೆರಗಿನ ಒಳಮೂಲೆಯಲ್ಲಿ ನೋಡಿಕೊಳ್ಳಿ.

ಕಿಟಕಿಗೆ ವಾಪಸ್ ಬರುತ್ತೇನೆ. ಆ ಟ್ರ್ಯಾಕಿನ ತೂತುಗಳು. ಹೋಗಿ ಒಮ್ಮೆ ಬಗ್ಗಿ ನೋಡಿ, ಎಷ್ಟು ಜನರಿಗೆ ಅದು ಇದೆ ಅಂತಲೇ ಗೊತ್ತಿಲ್ಲ. ತೆಂಗಿನ ಪೊರಕೆಯ ಒಂದು ಕಡ್ಡಿ ತಗೊಂಡು ಮಣ್ಣು, ಸತ್ತ ಇರುವೆ ಎಲ್ಲ ಕೆದಕಿ, ಒಂದು ಲೋಟ ನೀರು ಬಿಟ್ಟು ಹೊರಗೆ ಹೋಗುತ್ತದಾ ನೋಡಿ. ಹೋಗದಿದ್ದರೆ ಇನ್ನೂ ಕೆದಕಿ. ಬೂಷ್ಟು ಬಂದಿದ್ದರೆ ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಸೋಪು ಹಾಕಿ ಒರೆಸಿ, ಬಟ್ಟೆಯನ್ನು ಎಸೆಯಿರಿ, ಜಾಗವನ್ನು ಒಣಗಿಸಿ. ಬ್ಲೀಚಿಂಗ್ ಪೌಡರ್ ಹಾಕುವವರು ಅದರ ಜೊತೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಎರಡು ಗಾಜಿನ ಕಿಟಕಿ ಹಾಕಿಸಿಕೊಂಡವರು ಗಾಜುಗಳ ನಡುವೆ ಮಸುಕು ಕಂಡರೆ ಅಂಟುವಾಳ ಹಿಡಿದು ಕೂರಬೇಡಿ, ಅದರ ಸೀಲ್ ಹೋಗಿದೆ, ಗಾಜು ಬದಲಾಯಿಸಬೇಕು.

ಈ ಮಾರ್ಗಶಿರದಲ್ಲಿ ಸೊಸೆ ತಾನೇ ರಾತ್ರಿ ಎದ್ದು ಕಿಟಕಿ ತೆಗೆದು ಮಲಗಿದಳು. ಬೆಳಗ್ಗೆ ಗಾಜಿನ ಮೂಲೆಯಲ್ಲಿ ಮಾತ್ರ ಒಂದು ಅಂಗೈಯಷ್ಟು ಮಸುಕಿತ್ತು. ಅವಳು ಪಂಚೆಯ ತುಂಡು ಕೇಳಿಕೊಂಡು ಬಂದಳು, ಕಟ್ಟಿನಿಂದ ಎರಡು ತೆಗೆದು ಕೊಟ್ಟೆ.