ಪಟೋರ ಸಿನಿಮಾಗಳ ಲೆಕ್ಕಪುಸ್ತಕ

ನಾನು ಸಿನಿಮಾ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮಗೊಂದು ಸಣ್ಣ ಅಡಿಕೆ ತೋಟ ಉಂಟು. ರಾತ್ರಿ ಊಟ ಆದ ಮೇಲೆ ಅಡಿಕೆ ಸುಲಿಯಲು ಕೂತರೆ ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋದೀತು. ಮೊಬೈಲನ್ನು ಗೋಣಿಗೆ ಒರಗಿಸಿ ಸಿನಿಮಾ ಹಾಕುತ್ತೇನೆ. ಏನಾದರೂ ವಿಶೇಷ ಸದ್ದು ಬಂದರೆ ತಲೆ ಎತ್ತುತ್ತೇನೆ. ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ತಲೆ ಎತ್ತದೆ ಮುಗಿದ ಸಿನಿಮಾಗಳೂ ಉಂಟು. ಅವುಗಳ ಹೆಸರು ಬೇಡ.

ಗೆದ್ದ ಸಿನಿಮಾಗಳ ಬಗ್ಗೆ ಹೇಳಲು ಊರಿಡೀ ಜನ ಇದ್ದಾರೆ. ನನಗೆ ಎಲ್ಲೋ ಮುಗ್ಗರಿಸಿದ, ಯಾರೂ ಕೇಳದ ಸಿನಿಮಾಗಳ ಮೇಲೆ ಪ್ರೀತಿ. ಅವುಗಳ ಬಗ್ಗೆ ಬರೆದಿಡಲು ಶುರು ಮಾಡಿದ್ದು 2018ರಲ್ಲಿ. ಮೊದಲು ಪೇಪರಿನವರ ಹಾಗೆ ಮೂರು ಸ್ಟಾರ್, ಮೂರೂವರೆ ಸ್ಟಾರ್ ಕೊಡುತ್ತಿದ್ದೆ. ಒಂದು ತಿಂಗಳ ನಂತರ ತೆಗೆದು ಓದಿದರೆ ಆ ಅರ್ಧ ಸ್ಟಾರ್ ಯಾವುದಕ್ಕೆ ಕೊಟ್ಟದ್ದು ಅಂತ ನನಗೇ ಗೊತ್ತಾಗಲಿಲ್ಲ. ಆಮೇಲೆ ಅಡಿಕೆಯ ಲೆಕ್ಕಕ್ಕೇ ಬಂದೆ. ಒಡೆದದ್ದು ಪಟೋರ. ಕಪ್ಪಾಗಿ ಮುರುಟಿದ್ದು ಕರಿಗೋಟು. ಚೆನ್ನಾಗಿದ್ದು ಹಳತಾದರೆ ಡಬ್ಬಲ್ ಚೋಲು, ಅದಕ್ಕೆ ಹೊಸದಕ್ಕಿಂತ ರೇಟು ಜಾಸ್ತಿ. ಪಟೋರಕ್ಕೆ ರೇಟು ಕಡಿಮೆ, ಆದರೆ ಯಾರೂ ಬಿಸಾಡುವುದಿಲ್ಲ. ನನ್ನ ಪುಸ್ತಕದಲ್ಲಿ ಅದೇ ಹೆಚ್ಚು.

ಕ್ರಮ ಇಷ್ಟೆ. ಎಡ ಪುಟದಲ್ಲಿ ಅದೇ ರಾತ್ರಿ ಎರಡು ಸಾಲು. ಬಲ ಪುಟ ಖಾಲಿ. ಎಂಟು ದಿನ ಬಿಟ್ಟು, ಎಡ ಪುಟ ನೋಡದೆ, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬಲಕ್ಕೆ ಬರೆಯುವುದು. ದರ್ಜೆ ಹಾಕುವುದು ಆಗಲೇ.

ಕಾಸರಗೋಡಿನ ಬಗ್ಗೆಯೇ ಬಂದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಅದು ಸೋತ ಸಿನಿಮಾ ಅಲ್ಲ. ಒಳ್ಳೆಯ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮಲ್ಲಿ ಕನ್ನಡ ಸಿನಿಮಾ ಥಿಯೇಟರಿಗೆ ಬರುವುದು ಅಪರೂಪ, ಹಾಗಾಗಿ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ನೋಡಿದ್ದೆ. ಎಡ ಪುಟದಲ್ಲಿ ಪೂರ್ತಿ ಕೋರ್ಟಿನ ದೃಶ್ಯ, ಅನಂತನಾಗ್ ಮಾತು, ಚಪ್ಪಾಳೆ. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕುವುದು ನಮ್ಮಲ್ಲಿ ಕಥೆ ಅಲ್ಲ, ನಿಜಕ್ಕೂ ಧರಣಿ ಕೂತದ್ದು ಉಂಟು. ಹಾಗಾಗಿ ಕಣ್ಣಲ್ಲಿ ನೀರೂ ಬಂದಿತ್ತು. ಎಂಟು ದಿನ ಬಿಟ್ಟು ಬರೆಯುವಾಗ ಕೋರ್ಟು ಮಾಯ! ಉಳಿದದ್ದು ಮಕ್ಕಳ ಜಗಳ, ಭುಜಂಗನಾಗಿ ನಟಿಸಿದ ಪ್ರಕಾಶ್ ತುಮಿನಾಡು ಅವರ ಮಾತಿನ ರಾಗ. ಅವರು ನಮ್ಮ ಮಂಜೇಶ್ವರದ ಕಡೆಯವರೇ. ಆ ಎಳೆತ ಕಲಿಸಿ ಬರುವಂಥದ್ದಲ್ಲ. ದ್ವಿತೀಯಾರ್ಧದಲ್ಲಿ ಮಕ್ಕಳು ಮೈಸೂರಿಗೆ ಹೋಗುತ್ತಾರಲ್ಲ, ಅಲ್ಲಿಂದ ಸಿನಿಮಾ ದೊಡ್ಡವರ ಕೈಗೆ ಹೋಯಿತು. ಭಾಷೆಯ ಬಗ್ಗೆ ಒಳ್ಳೆಯ ಭಾಷಣ ಬಂತು, ನಮ್ಮ ಮಾತು ಹಿಂದೆ ಸರಿಯಿತು. ಹೊಸ ಅಡಿಕೆ, ನಾಲ್ಕು ಪಟೋರ ಸೇರಿದ್ದು ಅಂತ ಬರೆದೆ.

ನಮ್ಮ ಕಿವಿ ಸ್ವಲ್ಪ ತಕರಾರಿನದ್ದು. ಮನೆಯಲ್ಲಿ ಹವ್ಯಕ, ಕೆಲಸದವರ ಹತ್ತಿರ ತುಳು, ಬಸ್ಸಿನಲ್ಲಿ ಮಲಯಾಳ, ಓದುವುದು ಕನ್ನಡ. ಸಿನಿಮಾದಲ್ಲಿ ಒಬ್ಬ ‘ಎಂತ ಮಾರಾಯ’ ಅಂದ ಕೂಡಲೇ ಅವನು ಊರಿನವನೋ ಬಾಡಿಗೆಯವನೋ ಗೊತ್ತಾಗಿಬಿಡುತ್ತದೆ. ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ಹೆಚ್ಚು ನಿಲ್ಲಲಿಲ್ಲ. ಉದ್ದ ಹೌದು, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ ಹೌದು. ಆದರೆ ಅದರಲ್ಲಿ ಮಾತು ಚಿತ್ರೀಕರಣದ ಜಾಗದಲ್ಲೇ ಮುದ್ರಿಸಿದ್ದು. ಮಲ್ಪೆಯ ಗಾಳಿ, ಹುಲಿವೇಷದ ತಾಸೆ ಎಲ್ಲಾ ಅಡಿಕೆ ಸುಲಿಯುವಲ್ಲಿಗೇ ಬಂತು. ಆ ರಾತ್ರಿ ಸುಲಿದದ್ದು ಬಹಳ ಕಡಿಮೆ. ಅದೀಗ ಡಬ್ಬಲ್ ಚೋಲು.

ಪುಸ್ತಕದಲ್ಲಿ ಅತಿ ಹೆಚ್ಚು ಗೀಚಿ ತಿದ್ದಿದ ಪುಟ ‘ಕಥೆಯೊಂದು ಶುರುವಾಗಿದೆ’ ಚಿತ್ರದ್ದು. 2018ರದ್ದೇ. ದಿಗಂತ್, ಪೂಜಾ ದೇವರಿಯಾ. ಕಡಲ ಬದಿಯಲ್ಲಿ ನಷ್ಟದಲ್ಲಿರುವ ಒಂದು ರೆಸಾರ್ಟ್, ಅದರ ಮಾಲೀಕ, ಹನಿಮೂನಿಗೆ ಅಂತ ಒಬ್ಬಳೇ ಬರುವ ಹುಡುಗಿ. ನಿರ್ದೇಶಕರು ಸೆನ್ನಾ ಹೆಗ್ಡೆ, ಕಾಞಂಗಾಡಿನವರು. ಚಂದ್ರಗಿರಿ ಹೊಳೆ ದಾಟಿದರೆ ಸಿಗುವ ಊರು, ನಮ್ಮ ಜಿಲ್ಲೆಯವರೇ ಅಂತ ಆಸೆಯಿಂದ ಹಾಕಿದೆ. ಮೊದಲ ಸಲ ಕರಿಗೋಟು ಅಂತ ಬರೆದೆ. ಅಷ್ಟು ಸಿಟ್ಟು ಯಾಕೆ ಬಂತೆಂದರೆ, ಕಡಲಿತ್ತು, ಊರಿರಲಿಲ್ಲ. ಮುಖ್ಯ ಪಾತ್ರಗಳ ಮಾತು ಯಾವ ಊರಿನ ಕಾಫಿ ಅಂಗಡಿಯಲ್ಲೂ ಆಡಬಹುದಾದದ್ದು.

ಮೂರು ವರ್ಷ ಕಳೆದು ಅದೇ ಸೆನ್ನಾ ಹೆಗ್ಡೆ ಮಲಯಾಳದಲ್ಲಿ ‘ತಿಂಗಳಾಳ್ಚ ನಿಶ್ಚಯಂ’ ಮಾಡಿದರು. ಸೋಮವಾರ ನಿಶ್ಚಿತಾರ್ಥ ಅಂತ ಅರ್ಥ. ಕುವೈಟ್ ವಿಜಯನ್ ಅಂತ ಒಬ್ಬ ಅಪ್ಪ, ಮನಸ್ಸಿಲ್ಲದ ಮಗಳು, ನೆಂಟರು ತುಂಬಿದ ಮನೆ. ಹೆಚ್ಚಿನವರು ಹೊಸ ಮುಖಗಳು, ಮಾತು ಅಪ್ಪಟ ಕಾಞಂಗಾಡಿನ ಮಲಯಾಳ. ಅಮ್ಮ ಒಳಗಿನಿಂದ, ‘ಯಾರ ಮನೆಯದ್ದು ಜಗಳ?’ ಅಂತ ಕೇಳಿದರು. ನಾನು ಕತ್ತಿ ಕೆಳಗಿಟ್ಟೆ.

ಅದನ್ನು ನೋಡಿದ ಮೇಲೆ ಹಳೆಯದನ್ನು ಇನ್ನೊಮ್ಮೆ ಹಾಕಿದೆ. ಈ ಸಲ ಬೇರೆಯೇ ಕೇಳಿಸಿತು. ಬಾಬು ಹಿರಣ್ಣಯ್ಯ, ಅರುಣಾ ಬಾಲರಾಜ್ ಅವರ ದೃಶ್ಯಗಳಲ್ಲಿ ಮಾತಿನ ನಡುವೆ ಒಂದು ನಿಲುಗಡೆ ಉಂಟು. ವಯಸ್ಸಾದವರು ಏನೋ ಹೇಳಲು ಹೊರಟು ಬಿಟ್ಟುಬಿಡುತ್ತಾರಲ್ಲ, ಹಾಗೆ. ಕಾಞಂಗಾಡಿನ ಆ ಮನೆಯಲ್ಲಿ ಅಷ್ಟು ಚಂದ ಬೆಳೆದದ್ದು ಇಲ್ಲಿ ಆಗಲೇ ಮೊಳಕೆ ಒಡೆದಿತ್ತು. ಕರಿಗೋಟು ಹೊಡೆದು ಹಾಕಿ ಪಟೋರ ಅಂತ ಬರೆದೆ. ಒಬ್ಬರ ಒಂದೇ ಸಿನಿಮಾ ನೋಡಿ ತೀರ್ಪು ಬರೆಯುವ ಚಾಳಿಯನ್ನು ಅಲ್ಲಿಗೇ ಬಿಟ್ಟೆ.

‘ಶಾಂತಿ’ ಅಂತ 2005ರ ಬರಗೂರು ರಾಮಚಂದ್ರಪ್ಪನವರ ಚಿತ್ರ ಉಂಟು. ಇಡೀ ಸಿನಿಮಾದಲ್ಲಿ ಭಾವನಾ ಒಬ್ಬರೇ. ಗಿನ್ನೆಸ್ ದಾಖಲೆ ಆಯಿತು. ನಾನು ನಿದ್ದೆ ಹೋದೆ. ಬಲ ಪುಟ ಇನ್ನೂ ಖಾಲಿ ಇದೆ.

ಮನೆಯಲ್ಲಿ ಜಗಳ ತಂದದ್ದು ‘ಒಂದು ಮುತ್ತಿನ ಕಥೆ’. 1987, ಶಂಕರ್‌ನಾಗ್ ನಿರ್ದೇಶನ, ರಾಜ್‌ಕುಮಾರ್ ಬೆಸ್ತ. ಜಾನ್ ಸ್ಟೈನ್‌ಬೆಕ್ ಬರೆದ ‘ದಿ ಪರ್ಲ್’ ಕಾದಂಬರಿಯಿಂದ ತೆಗೆದುಕೊಂಡದ್ದು. ದೊಡ್ಡ ಮುತ್ತು ಸಿಕ್ಕಿ ಬಡವನ ಬದುಕು ಹಾಳಾಗುವ ಕಥೆ. ಅಣ್ಣಾವ್ರು ಗೆಲ್ಲುವುದನ್ನು ನೋಡಲು ಬಂದವರಿಗೆ ಇದು ಹಿಡಿಸಲಿಲ್ಲ. ಅವರಲ್ಲಿ ನಮ್ಮ ಅಪ್ಪನೂ ಒಬ್ಬರು. ಬೈದುಕೊಂಡೇ ಮನೆಗೆ ಬಂದಿದ್ದರಂತೆ. ನಾಯಕನ ಹೆಸರು ಐತು. ನಮ್ಮಲ್ಲಿ ಐತಾರ, ಅಂದರೆ ಭಾನುವಾರ ಹುಟ್ಟಿದವನಿಗೆ ಇಡುವ ಹೆಸರು. ಅಂಥ ಹೆಸರಿನವನಾಗಿ ರಾಜ್‌ಕುಮಾರ್ ನೀರಿಗಿಳಿಯುವುದೇ ನನಗೆ ಸಾಕಾಯಿತು. ಕಥೆ ಅಲ್ಲಲ್ಲಿ ಜಗ್ಗುತ್ತದೆ, ಖಳರು ನಾಟಕದವರ ಹಾಗೆ ಕೂಗುತ್ತಾರೆ. ಆದರೂ ಎಂಟು ದಿನದ ನಂತರ ನೀರಿನಡಿಯ ಆ ಮೌನ ಪೂರ್ತಿ ಉಳಿದಿತ್ತು.

ಪಟೋರ ಅಂತ ಬರೆದದ್ದನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ಓದಿದರು. ಪೆನ್ನು ತೆಗೆದುಕೊಂಡು ಪಕ್ಕದಲ್ಲೇ ‘ಕರಿಗೋಟು’ ಅಂತ ಬರೆದು ಸಹಿ ಹಾಕಿದರು. ಎರಡೂ ಹಾಗೇ ಉಂಟು. ಮರುದಿನ ರಾತ್ರಿ ಅಡಿಕೆ ಹೆಕ್ಕುತ್ತಾ, ‘ಆ ಮುತ್ತಿನದ್ದು ಹಾಕು, ಅವನು ನೀರಿಗೆ ಹಾರುವಲ್ಲಿಂದ’ ಅಂದರು.